ಮೀಸೆ ತೆಗೆದವನಿಗೆ ಪ್ರವೇಶವಿಲ್ಲ

ಸೈನ್ಯದಲ್ಲಿ ಇದ್ದಷ್ಟು ಕಾಲ ನನ್ನ ಮಾತಿಗೆ ಯಾರೂ ನಕ್ಕವರಲ್ಲ. ನಿವೃತ್ತನಾಗಿ ಡೊಂಬಿವಲಿಯಲ್ಲಿ ಮನೆ ಮಾಡಿ, ಐರೋಲಿಯ ಕಂಪನಿಯೊಂದರಲ್ಲಿ ಡ್ರೋನು, ಕ್ಯಾಮೆರಾ, ಎಐ ಇವುಗಳ ಭದ್ರತೆಗೆ ನಿಯಮ ಬರೆಯುವ ಕೆಲಸ ಹಿಡಿದೆ ನೋಡಿ, ಅಂದಿನಿಂದ ನಗೆಪಾಟಲು ತಪ್ಪಿದ್ದಿಲ್ಲ. ನನಗೂ ಬೇಜಾರಿಲ್ಲ.

ಡ್ರೋನ್ ಸಾಹೇಬ

ನಮ್ಮ ವಸತಿ ಸೊಸೈಟಿಯ ಸೆಕ್ರೆಟರಿ ಬೆಳಗಾವಿ ಕಡೆಯವರು. ಒಂದು ಭಾನುವಾರ ಪೇಡೆ ಹಿಡಿದು ಬಂದರು.

"ಸಾಹೇಬ್ರ, ಮಗಳ ಲಗ್ನ ಐತ್ರಿ. ಡ್ರೋನ್ ಶೂಟಿಂಗ್ ನೀವ ಮಾಡಿಕೊಡಬೇಕು."

"ನಾನು ಡ್ರೋನ್ ಹಾರಿಸೋದಿಲ್ಲ. ಎಲ್ಲೆಲ್ಲಿ ಹಾರಿಸಬಾರದು ಅಂತ ಬರೀತೀನಿ."

"ಹಂಗಾರ ಊಟದ ಪಂಕ್ತಿ ಮ್ಯಾಲ ಹಾರಿಸಬಾರದು ಅಂತ ಬರದುಕೊಡ್ರಿ. ನನಗ ಶುಗರ್ ಐತಿ. ಹೋದ ಲಗ್ನದಾಗ ನಾ ಮತ್ತ ಮತ್ತ ಜಿಲೇಬಿ ಹಾಕಿಸ್ಕೊಂಡದ್ದನ್ನ ಮನಿಯಾಕಿ ಟೀವಿಯಾಗ ನೋಡಿಬಿಟ್ಟಾಳ!"

ಕೆಂಪು ದೀಪ

ನಮ್ಮ ಕಂಪನಿ ಮುಖ ಗುರುತಿಸುವ ಯಂತ್ರ ತಯಾರಿಸಿ ಮೊದಲಿಗೆ ತನ್ನ ಬಾಗಿಲಿಗೇ ಹಾಕಿತು. ಯಂತ್ರ ಗುರುತಿಸದವರು ಎಷ್ಟೇ ದೊಡ್ಡವರಾದರೂ ಒಳಗೆ ಬಿಡಕೂಡದೆಂದು ನಿಯಮ ಬರೆದವನು ನಾನೇ. ಪುಣೆಯಿಂದ ಗಿರಾಕಿಗಳು ಅದನ್ನು ನೋಡಲು ಬರುವವರಿದ್ದರು; ಅವರ ಫೋಟೊಗಳನ್ನು ಮೊದಲೇ ಯಂತ್ರಕ್ಕೆ ಸೇರಿಸಿಯಾಗಿತ್ತು. ವಿವರಿಸುವ ಕೆಲಸವೂ ನನ್ನದೇ. ಹಿಂದಿನ ಸಂಜೆ ಹೆಂಡತಿ, "ಆ ಮೀಸೆ ತೆಗೀರಿ, ಬಂದವರು ಹೆದರ್ತಾರೆ" ಅಂದಳು. ತೆಗೆದೆ.

ಬೆಳಿಗ್ಗೆ ಯಂತ್ರ ಕೆಂಪು ದೀಪ ಹಾಕಿತು. ದಿನಾ ಸಲಾಮು ಹೊಡೆಯುವ ವಾಚ್‌ಮನ್ ಕೈ ಅಡ್ಡ ಹಿಡಿದು, "ಸಾಬ್, ರೂಲ್ ಆಪ್ ಹೀ ಕಾ ಹೈ" ಎಂದು ನನ್ನದೇ ನಿಯಮ ನನಗೆ ನೆನಪಿಸಿ ಕುರ್ಚಿ ಕೊಟ್ಟ. ವ್ಯಾಪಾರ ಕೈತಪ್ಪಿದರೆ ಗತಿಯೇನೆಂದು ಗಡಿಯಾರ ನೋಡುತ್ತ ಕೂತೆ. ಅಷ್ಟರಲ್ಲಿ ಒಳಗಿಂದ, ಗಿರಾಕಿಗಳೆದುರೇ ಸ್ಪೀಕರ್ ಹಾಕಿ, ಬಾಸ್ ಫೋನು: "ಎಲ್ಲಿದ್ದೀರಿ?"

"ಬಾಗಿಲಲ್ಲಿ ಸಾರ್. ರೂಲು ಬರೆದ ನನ್ನನ್ನೇ ಯಂತ್ರ ಬಿಡ್ತಾ ಇಲ್ಲ."

ಗಿರಾಕಿಗಳು ಗಹಗಹಿಸಿ ನಕ್ಕದ್ದು ಫೋನಿನಲ್ಲೇ ಕೇಳಿಸಿತು. ರೂಲು ಬರೆದವನನ್ನೇ ಬಿಡದ ಯಂತ್ರ ತಮಗೂ ಬೇಕೇಬೇಕಂತೆ! ಬಾಸ್ ಸ್ಪೀಕರ್ ಆರಿಸಿ, ದನಿ ತಗ್ಗಿಸಿ ಅಂದರು: "ಅವರು ಹೋಗೋವರೆಗೂ ದಯವಿಟ್ಟು ಒಳಗೆ ಬರಬೇಡಿ."

ಗುಟ್ಟಿನ ನಂಬರು

ಸೀವುಡ್ಸ್‌ನಲ್ಲಿ ನೆಲೆಸಿದ ಕನ್ನಡದ ಹಿರಿಯರಿಗೆ ಭಾಷಣ ಮಾಡಿದೆ. "ಈಗ ಎಐ ನಿಮ್ಮ ಮೊಮ್ಮಗನ ದನಿಯಲ್ಲೇ ಫೋನ್ ಮಾಡಬಹುದು. ಬ್ಯಾಂಕಿನ ಪಿನ್ ಯಾರಿಗೂ ಹೇಳಬೇಡಿ" ಅಂತ ಗಂಟಲು ಹರಿಯುವಂತೆ ಹೇಳಿದೆ. ಎಲ್ಲರೂ ತಲೆದೂಗಿದರು.

ಕೊನೆಗೆ ಉಡುಪಿ ಕಡೆಯ ಅಜ್ಜಿಯೊಬ್ಬರು ಮೈಕ್ ಹಿಡಿದರು. "ಭಾಷಣ ಲಾಯ್ಕಾಯ್ತು. ಇನ್ನು ಮೊಮ್ಮಗ ಕೇಳಿದ್ರೂ ನಾನು ಹೇಳುದಿಲ್ಲ. ನೀವಾದ್ರೆ ಮಿಲಿಟರಿಯವರು, ನಿಮಗೆ ಹೇಳ್ಬಹುದು. ನಂದು ಹತ್ತೊಂಬತ್ತು ನಲವತ್ತೇಳು, ಸ್ವಾತಂತ್ರ್ಯ ಬಂದ ವರ್ಷ. ಗಟ್ಟಿ ಉಂಟಲ್ವಾ?"

ನಾನು ಮೈಕ್ ಕಿತ್ತುಕೊಳ್ಳಲು ಓಡುವುದರೊಳಗೆ ಹಿಂದಿನ ಸಾಲಿನ ಅಜ್ಜ ಸಿಟ್ಟಿನಿಂದ ಎದ್ದು ನಿಂತರು:

"ಅದು ನನ್ನ ನಂಬರು! ನಿಮಗೆ ಯಾರಮ್ಮ ಹೇಳಿದ್ದು?"