ನಾನು ಹಾಕಿದ ಒಂದೇ ಒಂದು ಲಾಗ

ಕೆಲವರಿಗೆ ಕೆಲಸ ಮಾಡಿ ಹೆಸರು ಬರುತ್ತದೆ, ಕೆಲವರಿಗೆ ಕೆಲಸ ನಡೆಯುವ ಜಾಗದಲ್ಲಿ ನಿಂತಿದ್ದಕ್ಕೇ ಬಂದುಬಿಡುತ್ತದೆ. ನಾನು ಎರಡನೆಯ ಜಾತಿ. ಎಂಬತ್ತರ ದಶಕದ ಮೊದಲಿಗೆ ಕೃಷ್ಣಗಿರಿಯ ಒಂದು ಸಣ್ಣ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದೆ. ವ್ಯಾಯಾಮದ ಟೀಚರು ಮದುವೆಯಾಗಿ ಸೇಲಂಗೆ ಹೋದಮೇಲೆ ಪ್ರಿನ್ಸಿಪಾಲರು, "ನೀವು ದಿನಾ ಹೊಸೂರಿಂದ ಬಸ್ಸಲ್ಲಿ ನಿಂತ್ಕೊಂಡೇ ಬರ್ತೀರಿ, ದೇಹ ಗಟ್ಟಿ ಇದೆ" ಎಂದು ಜಿಮ್ನಾಸ್ಟಿಕ್ಸ್ ತಂಡವನ್ನು ನನ್ನ ತಲೆಗೆ ಕಟ್ಟಿದರು. ಬಿದ್ದ ಸೀಮೆಸುಣ್ಣ ಎತ್ತಲು ಬಗ್ಗಿದರೂ ನನಗೆ ಸೊಂಟ ಹಿಡಿಯುತ್ತಿತ್ತು.

ಲೈಬ್ರರಿಯಲ್ಲಿ ಚಿತ್ರಗಳಿದ್ದ ಒಂದು ಹಳೆಯ ಪುಸ್ತಕ ಸಿಕ್ಕಿತು. ನಾನು ಪುಟ ತೆಗೆದು ತೋರಿಸುವುದು, ಹುಡುಗಿಯರು ಮಾಡುವುದು. ಚಿತ್ರದ ಹಾಗೆ ಕಾಣದಿದ್ದರೆ "ಇನ್ನೊಂದು ಸಲ" ಎನ್ನುವುದು. ಇಷ್ಟೇ ನನ್ನ ತರಬೇತಿ. ಕೆಳಗೆ ಹಾಸಲು ಮಾವಿನ ಮಂಡಿಯವರು ಹಣ್ಣಿನಡಿ ಹರಡಿದ್ದ ಒಣಹುಲ್ಲು ಕೊಟ್ಟರು, ಗೋಣಿಚೀಲಕ್ಕೆ ತುಂಬಿ ಹೊಲಿದೆವು. ಹುಲ್ಲಿನ ಜೊತೆ ಇರುವೆಗಳೂ ಬಂದವು. ನಮ್ಮ ಹುಡುಗಿಯರು ಬಿದ್ದ ತಕ್ಷಣ ನೆಟ್ಟಗೆ ನಿಲ್ಲುವುದನ್ನು ಕಲಿತದ್ದು ಇರುವೆಗಳಿಂದಲೇ ಎಂದು ನನ್ನ ಗುಮಾನಿ.

ಎಲ್ಲರಿಗಿಂತ ಚುರುಕು ಅಂಚೆಟ್ಟಿಯ ಮುನಿರತ್ನ, ಹಾಸ್ಟೆಲ್ ಹುಡುಗಿ. ಕಾಲೇಜು ಕಾಲೇಜುಗಳ ನಡುವಿನ ಪಂದ್ಯಕ್ಕೆ ವಾರವಿದೆ ಎನ್ನುವಾಗ ಅವಳ ಅಪ್ಪ ಬಂದು ನಿಂತರು. ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಅವಳ ಟ್ರಂಕು.

"ಓದ್ಲಿ ಅಂತ ಕಳ್ಸಿದ್ರೆ ಲಾಗ ಹಾಕುಸ್ತಿದೀರಂತೆ ಟೀಚರಮ್ಮ. ಊರ್ನಾಗೆ ಗೊತ್ತಾದ್ರೆ ಇವ್ಳನ್ನ ಯಾರ್ ಮದ್ವೆ ಆಯ್ತಾರೆ? ಕರ್ಕೊಂಡ್ ಹೋಯ್ತೀನಿ."

ರತ್ನಳ ಕಣ್ಣು ತುಂಬಿತ್ತು. ಪಂದ್ಯ ಹಾಳಾಗಲಿ, ಹುಡುಗಿಯ ಓದೇ ಹೋಗುತ್ತದಲ್ಲ ಎಂದು ನನಗೆ ಹೆದರಿಕೆಯಾಯಿತು. "ಇದ್ರಲ್ಲಿ ತಪ್ಪೇನೂ ಇಲ್ಲಪ್ಪ, ಮರ್ಯಾದಸ್ತರೂ ಮಾಡ್ತಾರೆ" ಎಂದೆ.

"ಹಂಗಾದ್ರೆ ನೀವೂ ಹಾಕ್ತೀರಾ?"

ಬಾಯಿ ತಪ್ಪಿ "ಹೂಂ" ಎಂದುಬಿಟ್ಟೆ.

"ಎಲ್ಲಿ, ಒಂದ್ ಹಾಕಿ, ನೋಡಣ."

ಸೆರಗು ಬಿಗಿದು ಗೋಣಿಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತೆ. ರತ್ನ ಪಕ್ಕಕ್ಕೆ ಬಂದು, "ಗದ್ದ ಎದೆಗೆ ಒತ್ಕೊಳ್ಳಿ ಮಿಸ್, ಹೆದ್ರುಕೋಬೇಡಿ" ಎಂದು ಪಿಸುಗುಟ್ಟಿದಳು. ಮನೆದೇವರನ್ನು ನೆನೆದು ಉರುಳಿದೆ. ಅರ್ಧಕ್ಕೆ ಹೋದ ದೇಹ ಅಲ್ಲಿಂದ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಪಕ್ಕಕ್ಕೆ ವಾಲಿ ನೆಲ ಸೇರಿತು. ಮೂವರು ಹುಡುಗಿಯರು ಎತ್ತಿ ನಿಲ್ಲಿಸಿದರು.

ಅಪ್ಪ ನಗಲಿಲ್ಲ. ಮಗಳ ಕಡೆ ತಿರುಗಿ, "ಅಮ್ಮೀ, ಟೀಚರಮ್ಮನ್ಗೆ ಇನ್ನೂ ಬಂದಿಲ್ವಲ್ಲ. ನೀನ್ ಬಂದ್ಬುಟ್ರೆ ಇವ್ರಿಗೆ ಯಾರ್ ಹೇಳ್ಕೊಡ್ತಾರೆ? ಟ್ರಂಕು ಒಳಗಿಕ್ಕೋ" ಎಂದರು.

ಆ ವರ್ಷ ಶೀಲ್ಡು ನಮಗೇ ಬಂತು. ಮುಂದಿನ ಎರಡು ವರ್ಷವೂ ಬಂತು. ಮೂರನೆಯ ವರ್ಷದ ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರು ನನ್ನ ಸಮರ್ಥ ತರಬೇತಿಯನ್ನು ಹೊಗಳಿ ವೇದಿಕೆಗೆ ಕರೆದರು. ಮೆಟ್ಟಿಲ ಬಳಿ ಕೂತಿದ್ದ ರತ್ನಳ ಅಪ್ಪ ಪಕ್ಕದವರಿಗೆ ಹೇಳುತ್ತಿದ್ದರು: "ಮೂರ್ ವರ್ಷದಿಂದ ನಮ್ ಹುಡ್ಗಿ ಹೇಳ್ಕೊಡ್ತಾನೇ ಅವ್ಳೆ. ಪಾಪ, ಆ ಯಮ್ಮನ್ಗೆ ಬತ್ತಾನೇ ಇಲ್ಲ."

ಶಾಲು ಹೊದಿಸಿದರು. ಹೊದ್ದುಕೊಂಡೆ.