ಬಿಡಿಭಾಗವಾಗಿ ಖರೀದಿಯಾದ ರಿಪೇರಿಯವನು

ನಗರದ ವಸ್ತುಸಂಗ್ರಹಾಲಯದಲ್ಲಿರುವ ಆಳೆತ್ತರದ ಲೋಲಕದ ಗಡಿಯಾರ ನಿಂತುಹೋಗಿದೆ ಎಂಬ ಸಂಗತಿಯನ್ನು ಮುಖ್ಯಾಧಿಕಾರಿಗಳು ಕೂಲಂಕಷ ಪರಿಶೀಲನೆಯ ನಂತರ ಒಪ್ಪಿಕೊಂಡರು. ದುರಸ್ತಿಗೆ ಹಣವಿತ್ತು. ಆದರೆ ಅದು 'ಬಿಡಿಭಾಗಗಳ ಖರೀದಿ' ಬಾಬ್ತಿನಲ್ಲಿತ್ತು. 'ಕೂಲಿ' ಬಾಬ್ತಿನಲ್ಲಿ ಬಿಡಿಗಾಸೂ ಇರಲಿಲ್ಲ. ಗಡಿಯಾರಕ್ಕೋ ಬಿಡಿಭಾಗ ಬೇಕಿರಲಿಲ್ಲ, ಬಲ್ಲವನ ಕೈ ಬೇಕಿತ್ತು. ಆದ್ದರಿಂದ ರಿಪೇರಿಯವನನ್ನೇ ಬಿಡಿಭಾಗವೆಂದು ಖರೀದಿಸಲಾಯಿತು. ಪೂರೈಕೆದಾರರು ಮುಖ್ಯಾಧಿಕಾರಿಗಳ ಬಾಮೈದ. ಹಣ ಅವರಿಗೆ ಸಂದಾಯವಾಯಿತು. ಬಿಡಿಭಾಗದ ಕೈಗೇ ದುಡ್ಡು ಕೊಡುವ ಪದ್ಧತಿ ಎಲ್ಲಿಯೂ ಇಲ್ಲ.

ಇದ್ಯಾವುದೂ ಗೊತ್ತಿಲ್ಲದ ರಿಪೇರಿಯವನು ಗಡಿಯಾರದ ಹೊಟ್ಟೆ ಬಿಚ್ಚಿ ಕೂತ. ಅಂಟಾಗಿ ಗಟ್ಟಿಯಾಗಿದ್ದ ಹಳೇ ಎಣ್ಣೆ ಕೆರೆದ, ಹಲ್ಲಿನ ಚಕ್ರಗಳನ್ನು ಸೀಮೆಎಣ್ಣೆಯಲ್ಲಿ ತೊಳೆದ, ಸೂಜಿಯ ತುದಿಯಿಂದ ಹೊಸ ಎಣ್ಣೆ ಹನಿಸಿದ. ಲೋಲಕ ತೂಗತೊಡಗಿತು. ಕೈ ಒರೆಸಿಕೊಂಡು ಹೊರಟರೆ ಉಗ್ರಾಣದ ಗುಮಾಸ್ತ ಬಾಗಿಲಿಗೆ ಅಡ್ಡ ನಿಂತಿದ್ದ.

"ಎಲ್ಲಿಗೆ?"

"ಮನೆಗೆ."

"ಗಡಿಯಾರದ ಭಾಗ ಗಡಿಯಾರ ಬಿಟ್ಟು ಹೋಗೋ ಹಾಗಿಲ್ಲ. ಪ್ರಾಚೀನ ವಸ್ತು ಕಳವು ಅಂತ ಕೇಸಾಗುತ್ತೆ."

"ಯಾರ ಮೇಲೆ?"

"ನಿಮ್ಮನ್ನ ಯಾರು ತಗೊಂಡು ಹೋಗ್ತಿದಾರೋ ಅವರ ಮೇಲೆ. ಅಂದ್ರೆ ನಿಮ್ಮ ಮೇಲೇ."

ಗಡಿಯಾರದ ಪಕ್ಕ ಒಂದು ಸ್ಟೂಲು ಹಾಕಲಾಯಿತು. ಬಿಡಿಭಾಗಕ್ಕೆ ನಿಯಮದಂತೆ ಎಣ್ಣೆ ಮಾತ್ರ ಮಂಜೂರಾಗಿದ್ದರಿಂದ ಊಟ ಮನೆಯಿಂದ ಬರಬೇಕಾಯಿತು. ತಂದವಳು ಹೆಂಡತಿ. ಕ್ಯಾರಿಯರ್ ಇಟ್ಟವಳೇ ಸೀದಾ ಮುಖ್ಯಾಧಿಕಾರಿಗಳ ಕೋಣೆಗೆ ನುಗ್ಗಿ, ಅವರನ್ನು ಗಡಿಯಾರದ ಮುಂದಕ್ಕೇ ಕರೆತಂದಳು.

"ನನ್ನ ಗಂಡನ್ನ ಕಳಿಸಿ ಸ್ವಾಮಿ."

"ನಿಮ್ಮ ಸಂಕಟ ಅರ್ಥ ಆಗುತ್ತಮ್ಮ. ಆದರೆ ಖರೀದಿ ಮಾಡಿದ್ದನ್ನ ವಾಪಸ್ ಕೊಡಬೇಕಾದ್ರೆ ಅದರಲ್ಲಿ ದೋಷ ಇರಬೇಕು. ಇವರಲ್ಲಿ ಏನಾದ್ರೂ ದೋಷ ಇದೆಯಾ?"

ಮದುವೆಯಾದಂದಿನಿಂದ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಶುರು ಮಾಡಿದಳು. "ಗೊರಕೆ. ಒದ್ದೆ ಟವೆಲ್ಲು ಹಾಸಿಗೆ ಮೇಲೇ. ತರಕಾರಿ ತನ್ನಿ ಅಂದ್ರೆ ಯಾರದ್ದೋ ಕೆಟ್ಟ ಗಡಿಯಾರ ತರ್ತಾರೆ. ನಾನು ಮಾತಾಡಿದ್ರೆ ಕಿವಿಯೇ ಕೇಳಿಸಲ್ಲ, ಪಕ್ಕದ ಮನೆ ಗಡಿಯಾರ ತಡವರಿಸಿದ್ರೆ ಮಾತ್ರ ಕೇಳಿಸುತ್ತೆ..."

ಗುಮಾಸ್ತ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಬಿಡುಗಡೆ ಇನ್ನೇನು ಕೈಗೆ ಬಂದಿತ್ತು.

ಸ್ಟೂಲಿನ ಮೇಲಿದ್ದವನಿಗೆ ತಡೆಯಲಾಗಲಿಲ್ಲ. "ಎಲ್ಲಾ ಸುಳ್ಳು ಸಾರ್! ನನ್ನಲ್ಲಿ ಒಂದು ದೋಷಾನೂ ಇಲ್ಲ!"

"ತಾನು ಸುಸ್ಥಿತಿಯಲ್ಲಿರುವುದಾಗಿ ಬಿಡಿಭಾಗವೇ ಹೇಳಿಕೆ ನೀಡಿದೆ," ಎಂದು ಮುಖ್ಯಾಧಿಕಾರಿಗಳು ಬರೆಸಿದರು. "ಅರ್ಜಿ ವಜಾ."

ಹೆಂಡತಿ ಗಂಡನನ್ನು ಒಂದು ಗಳಿಗೆ ದಿಟ್ಟಿಸಿದಳು. "ಸರಿ. ಇಲ್ಲೇ ಸುಸ್ಥಿತಿಯಲ್ಲಿರಿ," ಎಂದು ಹೊರಟುಹೋದಳು.

ಮಗಳ ಮದುವೆಗೆ ಮಾತ್ರ ವಸ್ತುಸಂಗ್ರಹಾಲಯ ಉದಾರವಾಗಿ ನಡೆದುಕೊಂಡಿತು. ಅಪ್ಪನನ್ನು ತಾತ್ಕಾಲಿಕ ಪ್ರದರ್ಶನಕ್ಕೆಂದು ಎರವಲು ಕೊಡಲಾಯಿತು. ಅವನನ್ನು ಕಲ್ಯಾಣ ಮಂಟಪದ ಮೂಲೆಯಲ್ಲಿ ಕೂರಿಸಿ, ಸುತ್ತ ಹಗ್ಗ ಕಟ್ಟಿ, ಕಾವಲುಗಾರ ನಿಂತ. ಮಗಳು "ಅಪ್ಪಾ" ಎಂದು ಓಡಿಬಂದಳು.

"ದೂರದಿಂದ ನೋಡಮ್ಮ," ಎಂದ ಕಾವಲುಗಾರ.

"ಊಟ ಮಾಡಿದ್ಯಾ ಮಗಳೇ?" ಅಪ್ಪ ಹಗ್ಗದೊಳಗಿನಿಂದಲೇ ಕೇಳಿದ.

"ನೀವು ಮಾಡಿದ್ರಾ?"

ಅವನು ಕಾವಲುಗಾರನ ಮುಖ ನೋಡಿದ. ಅಲ್ಲಿ ಅನುಮತಿ ಇರಲಿಲ್ಲ.

ಗಂಡಿನ ಕಡೆಯವರು ಗುಂಪುಗುಂಪಾಗಿ ಬಂದು ನೋಡಿ, "ಬೀಗರು ಸರ್ಕಾರದ ಆಸ್ತಿಯಂತೆ!" ಎಂದು ಹೆಮ್ಮೆಯಿಂದ ಹೇಳಿಕೊಂಡರು. ಜನ ಚದುರಿದ ಮೇಲೆ ವರನ ತಂದೆ ಕಾವಲುಗಾರನನ್ನು ಕಂಬದ ಮರೆಗೆ ಕರೆದರು.

"ನಮ್ಮ ಹುಡುಗನಿಗೂ ಎಲ್ಲೂ ಕೆಲಸ ಸಿಕ್ಕಿಲ್ಲಪ್ಪ. ನಿಮ್ಮಲ್ಲಿ ಇನ್ನೇನಾದ್ರೂ ಕೆಟ್ಟು ನಿಂತಿದೆಯಾ?"