ಚೀನಾಕ್ಕೆ ಹೊರಟ ಮೀಸೆ

ಮರಿಸ್ವಾಮಿ ಮೇಷ್ಟ್ರು ಚೀನಾ ನೋಡಿ ಬರುತ್ತೇನೆಂದು ಹಟ ಹಿಡಿದಾಗ ಹೆಂಡತಿ ಬೆಟ್ಟಮ್ಮ ಕೇಳಿದ್ದು ಒಂದೇ: ಅವರ ಮೀಸೆ. ಅದೂ ತನಗಲ್ಲ, ಕರಿಘಟ್ಟದ ಸ್ವಾಮಿಗೆ. ಪಾಸ್‌ಪೋರ್ಟು ಕೈಗೆ ಬಂದರೆ ಗಂಡನ ಮುಡಿಯನ್ನೂ ಮೀಸೆಯನ್ನೂ ಒಪ್ಪಿಸುತ್ತೇನೆಂದು ಆಕೆ ಆರು ತಿಂಗಳ ಹಿಂದೆಯೇ ಹರಸಿಕೊಂಡಿದ್ದಳು. ಮೇಷ್ಟ್ರಿಗೆ ಅದು ತಿಳಿದದ್ದು ಪಾಸ್‌ಪೋರ್ಟು ರಿಜಿಸ್ಟರ್ ಅಂಚೆಯಲ್ಲಿ ಅವರೂರು ಚಿನಕುರಳಿಗೆ ಬಂದಿಳಿದ ದಿನ.

ವಾಪಸ್ ಬಂದ ಮೇಲೆ ಕೊಟ್ಟರಾಯಿತು, ಮೀಸೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಮೇಷ್ಟ್ರು ವಾದಿಸಿದರು.

“ನೀವು ಓಡೋಯ್ತಿದ್ದೀರಲ್ಲ,” ಎಂದಳು ಬೆಟ್ಟಮ್ಮ. “ಹರಕೆ ಬಾಕಿ ಮಡೀಕಂಡು ಸಮುದ್ರ ದಾಟ್ಬ್ಯಾಡಿ. ಆಮೇಕೆ ಆ ಗ್ವಾಡೆ ಮ್ಯಾಲಿಂದ ಕಾಲು ಜಾರಿದ್ರೆ ನನ್ನ ಅನ್ಬ್ಯಾಡಿ.”

ಆ ಗೋಡೆಯೇ ಮೇಷ್ಟ್ರ ದೌರ್ಬಲ್ಯ. ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರ ಎಂದು ಮೂರು ತಾಲೂಕಿನ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಅವರು ಚೀನಾದ ಮಹಾಗೋಡೆಯನ್ನು ಪಾಠ ಮಾಡಿದ್ದರು. ಕಪ್ಪುಹಲಗೆಯ ಈ ತುದಿಯಿಂದ ಆ ತುದಿಗೆ ಹಾವಿನ ಹಾಗೆ ಅದನ್ನು ಬರೆದು, ಹಲಗೆ ಸಾಲದಿದ್ದರೆ ಗೋಡೆಯ ಮೇಲೂ ಮುಂದುವರಿಸುತ್ತಿದ್ದರು. ನಿವೃತ್ತಿಯಾಗುವ ವರ್ಷ ಏಳನೇ ಕ್ಲಾಸಿನ ಶ್ವೇತ ಎದ್ದು ನಿಂತು, “ಸಾ, ನೀವು ಅದನ್ನ ನೋಡಿದ್ದೀರಾ?” ಎಂದು ಕೇಳಿದ್ದಳು. ಮೇಷ್ಟ್ರಿಗೆ ಸೀಮೆಸುಣ್ಣ ಕೈಯಲ್ಲೇ ಎರಡು ತುಂಡಾದಂತಾಗಿತ್ತು. ನೋಡದ ಗೋಡೆಯನ್ನು ಮೂವತ್ತನಾಲ್ಕು ವರ್ಷ ಕಟ್ಟಿದ್ದೆನಲ್ಲ ಎಂಬ ಸಂಕಟ ನಿವೃತ್ತಿಯಾದ ಮೇಲೂ ಬಿಡಲಿಲ್ಲ. ೧೯೯೬ರಲ್ಲಿ ಮೈಸೂರಿನ ಪ್ರವಾಸ ಕಂಪನಿಯೊಂದು ಹತ್ತು ದಿನದ ಚೀನಾ ಯಾತ್ರೆಯ ಜಾಹೀರಾತು ಹಾಕಿದ್ದೇ ತಡ, ಮೊದಲು ಹೆಸರು ಬರೆಸಿದವರು ಅವರೇ.

ಆಮೇಲೆ ತಯಾರಿ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಹಾಳೆ: ಒಂದು ದಿನ ಅರಮನೆ, ಒಂದು ದಿನ ಮಣ್ಣಿನ ಸೈನಿಕರು, ಒಂದು ಮಧ್ಯಾಹ್ನ ಅಲ್ಲಿನ ಚಹಾದ ಮನೆ, ಒಂದು ಸಂಜೆ ರೇಷ್ಮೆ ಅಂಗಡಿ. ಮಹಾಗೋಡೆಗೆ ಮಾತ್ರ ಎರಡು ದಿನ. ಚೀನಾದಲ್ಲಿ ಕಡ್ಡಿಯಲ್ಲೇ ಊಟವೆಂದು ಕೇಳಿ, ಎರಡು ಪೊರಕೆ ಕಡ್ಡಿ ಹಿಡಿದು ಅವರೆಕಾಳು ಎತ್ತುವ ಅಭ್ಯಾಸವನ್ನೂ ಮಾಡಿದರು. ಮೊದಲ ವಾರ ಕಾಳೆಲ್ಲ ಕೋಳಿಗಳ ಪಾಲಾಯಿತು. ಮುದ್ದೆಗೆ ಕಡ್ಡಿ ಹಾಕಿದ ದಿನ ಬೆಟ್ಟಮ್ಮ ಕಡ್ಡಿಗಳನ್ನು ಒಲೆಗೆ ಹಾಕಿದಳು.

ಹೊರಡಲು ಹನ್ನೆರಡು ದಿನ ಉಳಿದಿತ್ತು. ಆ ಶನಿವಾರ ಸಂಜೆ ನಾಲ್ಕಕ್ಕೆ ಕಂಪನಿಯ ಹುಡುಗಿ ವೀಣ ಶ್ರೀರಂಗಪಟ್ಟಣದ ಒಂದು ಲಾಡ್ಜಿನಲ್ಲಿ ಕೂತು, ಈ ಕಡೆಯ ಪ್ರವಾಸಿಗಳ ಪಾಸ್‌ಪೋರ್ಟು ನೋಡಿ ವೀಸಾ ಅರ್ಜಿ ಕಳಿಸುವವಳಿದ್ದಳು. ಅರ್ಜಿಗೆ ಅದೇ ಕೊನೆಯ ದಿನ. ಹೇಗೂ ಆ ಕಡೆಗೇ ಹೋಗುತ್ತೀರಿ, ಬೆಳಿಗ್ಗೆ ಹರಕೆ ಮುಗಿಸಿಬಿಡೋಣ ಎಂದಳು ಬೆಟ್ಟಮ್ಮ. ಪಕ್ಕದ ಮನೆಯ ಶಿವಣ್ಣನೂ ಜೊತೆಗೆ ಹೊರಟ. ಇಪ್ಪತ್ತೈದು ವರ್ಷ ಬಸ್ ಕಂಡಕ್ಟರಾಗಿದ್ದವನು. ತಾನಿಲ್ಲದೆ ಯಾರೂ ಎಲ್ಲಿಗೂ ಸರಿಯಾಗಿ ತಲುಪಲಾರರು ಎಂಬುದು ಅವನ ನಂಬಿಕೆ.

ಕರಿಘಟ್ಟದ ಬುಡದಲ್ಲಿ, ಲೋಕಪಾವನಿ ಹೊಳೆಯ ದಂಡೆಯಲ್ಲಿ ಕ್ಷೌರದವನು ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿದ. ಮೇಷ್ಟ್ರು ಮುಳುಗು ಹಾಕಿ ಎದ್ದಾಗ ಅವರ ತಲೆ ಆಗಷ್ಟೇ ಎಣ್ಣೆ ಅಭಿಷೇಕವಾದ ಗುಂಡುಕಲ್ಲಿನಂತೆ ಹೊಳೆಯುತ್ತಿತ್ತು. ಮೂಗಿನ ಕೆಳಗಿನ ಜಾಗ ಕಬ್ಬು ಕಡಿದ ಗದ್ದೆಯಂತೆ ಬಿಕೋ ಎನ್ನುತ್ತಿತ್ತು. ಮೆಟ್ಟಿಲು ಹತ್ತಿ, ಮಂಗಳಾರತಿ ತೆಗೆದುಕೊಂಡು, ಇಳಿದು ಬಂದು ಮರದಡಿ ಪುಳಿಯೋಗರೆಯ ಡಬ್ಬಿ ಬಿಚ್ಚಿದರು. ಬೆಟ್ಟಮ್ಮನ ಮುಖದಲ್ಲಿ ದೊಡ್ಡ ಭಾರ ಇಳಿಸಿದ ಶಾಂತಿ ಇತ್ತು.

ಆಗ ಶಿವಣ್ಣ ಗಮಕಿಯೊಬ್ಬ ರಾಗ ಬದಲಿಸುವ ಮುನ್ನ ಕೆಮ್ಮುವಂತೆ ಕೆಮ್ಮಿದ.

“ಅಲ್ಲಾ ಮೇಷ್ಟ್ರೆ, ಪಾಸ್‌ಪೋರ್ಟಲ್ಲಿ ನಿಮ್ಗೆ ಮೀಸೆ ಅದಲ್ವಾ?”

ಮೇಷ್ಟ್ರ ಕೈತುತ್ತು ಬಾಯಿಯ ಹತ್ತಿರವೇ ನಿಂತಿತು.

ಶಿವಣ್ಣ ತನ್ನ ಅನುಭವ ಬಿಚ್ಚಿದ. ಬಸ್ ಪಾಸಿನ ಫೋಟೋಕ್ಕೂ ಮುಖಕ್ಕೂ ತಾಳೆಯಾಗದ ಎಷ್ಟೋ ಜನರನ್ನು ಅವನು ನಡುದಾರಿಯಲ್ಲಿ ಇಳಿಸಿದ್ದ. ಒಮ್ಮೆ ತಿರುಪತಿಯಿಂದ ಬಂದ ತನ್ನ ಸ್ವಂತ ಭಾವಮೈದನನ್ನೇ ಇಳಿಸಿದ್ದನಂತೆ. “ಮೂರು ರುಪಾಯಿ ಪಾಸ್ಗೇ ಇಂಗೆ. ಚೀನಾ ಸರ್ಕಾರ ಬುಟ್ಟದಾ? ಆಕಾಸದಲ್ಲಿ ಇಳಿ ಅಂದ್ರೆ ಎಲ್ಲಿಗ್ ಇಳೀತೀರಿ?”

ಬೆಟ್ಟಮ್ಮ ಡಬ್ಬಿಯ ಮುಚ್ಚಳ ಮುಚ್ಚಿದಳು. ದೇವರಿಗೆ ಕೊಟ್ಟಿದ್ದನ್ನು ಕೊಟ್ಟಾಯಿತು, ಮಿಕ್ಕಿದ್ದು ಗಂಡಸರ ಕೆಲಸ ಎಂದು ಹೇಳಿ ಊರಿನ ಬಸ್ಸು ಹತ್ತಿದಳು. ಮೇಷ್ಟ್ರು ಪಾಸ್‌ಪೋರ್ಟು ತೆರೆದು ನೋಡಿದರು. ಬೆಳಗಿನವರೆಗೂ ತಾವಾಗಿದ್ದ ಒಬ್ಬ ಮನುಷ್ಯ, ತೆಳುವಾದ ನರೆಮೀಸೆಯ ಮೇಲಿಂದ, ಗುರುತೇ ಇಲ್ಲದವನಂತೆ ತಮ್ಮನ್ನು ನೋಡುತ್ತಿದ್ದ.

ದಾರಿಯನ್ನೂ ಶಿವಣ್ಣನೇ ತೋರಿಸಿದ. ಪಾಂಡವಪುರದಲ್ಲಿ ಚೌಡಯ್ಯನಿದ್ದ, ಸುತ್ತಲ ತಾಲೂಕುಗಳ ಪೌರಾಣಿಕ ನಾಟಕಗಳಿಗೆಲ್ಲ ಕಿರೀಟ, ಗದೆ, ಕೂದಲು, ಮೀಸೆ ಬಾಡಿಗೆಗೆ ಕೊಡುವವನು. ಹನ್ನೆರಡೂವರೆಗೆ ಇಬ್ಬರೂ ಅವನ ಅಂಗಡಿಯಲ್ಲಿದ್ದರು. ಚೌಡಯ್ಯ ಕಬ್ಬಿಣದ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ಎದ್ದು ಬಂತು. ಒಳಗೆ ಒಂದೇ ಒಂದು ಮೀಸೆ ಇತ್ತು. ಮಂತ್ರಿ, ಋಷಿ, ಯುವರಾಜ, ದೂತ, ಎಲ್ಲ ಮೀಸೆಗಳೂ ಕೆ.ಆರ್.ಪೇಟೆಯ ಒಂದು ನಾಟಕ ಕಂಪನಿಗೆ ಹೋಗಿವೆ, ಮುಂದಿನ ತಿಂಗಳ ಕೊನೆಯವರೆಗೆ ಬರುವುದಿಲ್ಲ, ಉಳಿದಿರುವುದು ಸೇನಾಪತಿಯದೊಂದೇ ಎಂದ.

ಸೇನಾಪತಿಯ ಮೀಸೆ ಎಂದರೆ ಎರಡು ಕರಿಚೇಳುಗಳು ಬೆನ್ನಿಗೆ ಬೆನ್ನು ಕೊಟ್ಟು ಬಾಲ ಎತ್ತಿ ನಿಂತ ಹಾಗೆ. ಜೊತೆಗಿದ್ದ ಕೂದಲು ಭುಜದವರೆಗೆ ಗುಂಗುರುಗುಂಗುರಾಗಿ ಇಳಿಬಿದ್ದಿತ್ತು.

ಇದು ನನ್ನ ಮೀಸೆಯ ಹಾಗಿಲ್ಲವಲ್ಲ ಎಂದರು ಮೇಷ್ಟ್ರು, ಕುಗ್ಗಿದ ದನಿಯಲ್ಲಿ.

“ಮೀಸೆ ಅದಾ ಇಲ್ವಾ ಅಂತ ನೋಡ್ತಾರೆ. ಎಷ್ಟುದ್ದ ಅಂತ ಅಳ್ಯಕೆ ಅವ್ರೇನ್ ಸರ್ವೇ ಇಲಾಖೆಯೋರಾ?” ಎಂದ ಶಿವಣ್ಣ.

ಚೌಡಯ್ಯನದು ಒಂದೇ ಕರಾರು. ಅವನ ಮೀಸೆಯನ್ನು ಅಂಟಿಸುವವನೂ ಅವನೇ, ಬಿಡಿಸುವವನೂ ಅವನೇ. ಹಾಗಾಗಿ ಮೇಷ್ಟ್ರಿಗೆ ಮೀಸೆ, ಕೂದಲು ಎರಡನ್ನೂ ಏರಿಸಿ, ಅಂಟಿನ ಶೀಸೆ, ಹತ್ತಿಯ ಉಂಡೆಗಳ ಚೀಲ ಹಿಡಿದು ಅವನೂ ಬಸ್ಸು ಹತ್ತಿದ.

ಬಸ್ಸಿನಲ್ಲಿ ನಡುಹಗಲ ಸೆಕೆ. ಬೆವರಿಗೆ ಮೀಸೆಯ ಎಡತುದಿ ಏಳತೊಡಗಿತು. ಶಿವಣ್ಣ ಪ್ರತಿ ಸ್ಟಾಪಿಗೊಮ್ಮೆ ಲಕೋಟೆ ಅಂಟಿಸುವವನಂತೆ ಹೆಬ್ಬೆರಳಿನಲ್ಲಿ ಅದನ್ನು ಒತ್ತಿದ. ಎದುರು ಸೀಟಿನ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿ, ಕೈಮುಗಿದು, ಯಾವ ಮಠದವರು ಬುದ್ಧಿ ಎಂದು ಕೇಳಿದಳು. ಮಾತಾಡಿದರೆ ಮೀಸೆ ಬೀಳುತ್ತದೆಂದು ಮೇಷ್ಟ್ರು ಬಾಯಿ ಬಿಡಲಿಲ್ಲ. ಮೌನವ್ರತದವರು ಎಂದುಕೊಂಡು ಆಕೆ ಎರಡು ಬಾಳೆಹಣ್ಣು ಅವರ ಮಡಿಲಿಗಿಟ್ಟು ಇಳಿದುಹೋದಳು. ಜೀವಮಾನದಲ್ಲಿ ಒಂದು ಹಾಜರಿಯನ್ನೂ ಸುಳ್ಳು ಬರೆಯದ ಮೇಷ್ಟ್ರಿಗೆ ಆ ಹಣ್ಣುಗಳು ಕೆಂಡದಂತೆ ಸುಟ್ಟವು.

ಲಾಡ್ಜಿನ ಕೋಣೆಯಲ್ಲಿ ಏಳೆಂಟು ಜನ ಕಾಯುತ್ತಿದ್ದರು. ಚೌಡಯ್ಯ ಹೊರಗೆ ಬೇವಿನ ಮರದಡಿ ಕೂತ. ವೀಣ ಪಾಸ್‌ಪೋರ್ಟು ನೋಡಿದಳು, ಮುಖ ನೋಡಿದಳು, ಮತ್ತೆ ಪಾಸ್‌ಪೋರ್ಟು ನೋಡಿದಳು.

“ಇದು ನೀವೇನಾ ಸರ್?”

ಮೇಷ್ಟ್ರು ತಲೆಯಾಡಿಸಿದರು, ಅದೂ ಹುಷಾರಾಗಿ.

“ರಿಟೈರ್ ಆದ್ಮ್ಯಾಲೆ ತಲೆಗೆ ರೆಸ್ಟ್ ಸಿಕ್ತಲ್ಲ ಮೇಡಂ,” ಎಂದ ಶಿವಣ್ಣ. “ಗೊಬ್ರ ಹಾಕ್ದಂಗೆ ಬೆಳ್ಕಬುಡ್ತು.”

ವೀಣಳಿಗೆ ನಗು ತಡೆಯುವುದು ಕಷ್ಟವಾಯಿತು. ಹುಟ್ಟಿದ ತಾರೀಖು, ತಂದೆಯ ಹೆಸರು, ಸಹಿ ಎಲ್ಲ ತಾಳೆ ನೋಡಿ, ಎಲ್ಲವೂ ಸರಿಯಾಗಿದೆ ಎಂದಳು. ಮೇಷ್ಟ್ರ ಎದೆಯ ಮೇಲಿದ್ದ ಬಂಡೆ ಇಳಿಯಿತು. ಅವಳು ಕರೆದು ಕೂರಿಸಿದ ಕುರ್ಚಿಯಲ್ಲಿ ಕೂತರು; ಯಾರೋ ಗಲ್ಲ ಎತ್ತಿ ಎಂದರು, ಎತ್ತಿದರು; ಫಳ್ಳೆಂದು ಬೆಳಕು ಹೊಡೆಯಿತು. ಆಗಿಂದಾಗಲೇ ಫೋಟೋ ಉಗುಳುವ ಕ್ಯಾಮೆರಾ ಅದು. ಫೋಟೋವನ್ನು ಕತ್ತರಿಸಿ, ಅರ್ಜಿಗೆ ಅಂಟಿಸಿ, ಎಲ್ಲರ ಕಾಗದಗಳನ್ನೂ ದೊಡ್ಡ ಲಕೋಟೆಗೆ ತುಂಬಿ, ಕಂಪನಿಯವನೊಬ್ಬ ಬೆಂಗಳೂರಿನ ಬಸ್ಸಿಗೆ ಓಡಿದ. ಬಸ್ಸು ಹೊರಟ ಸದ್ದು ಕೋಣೆಯವರೆಗೂ ಕೇಳಿಸಿತು. ಗೆದ್ದೆ ಎಂದುಕೊಂಡರು ಮೇಷ್ಟ್ರು.

ಪಕ್ಕದಲ್ಲಿ ಕೂತಿದ್ದ ಮಾಕವಳ್ಳಿಯ ಕರಿಯಪ್ಪ ಎಂಬ ಕಬ್ಬಿನ ರೈತ ಆಗ ಸೆಕೆಗೆ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿದ. ಒಳಗೆ ನುಣ್ಣನೆ ಬೋಳುತಲೆ. ಮೀಸೆಯೂ ಇರಲಿಲ್ಲ.

ನಿಮ್ಮನ್ನು ಹೇಗೆ ಬಿಟ್ಟರು ಎಂದು ಮೇಷ್ಟ್ರು ಮೀಸೆಯ ಮೇಲೆ ಬೆರಳಿಟ್ಟುಕೊಂಡೇ ಪಿಸುಗುಟ್ಟಿದರು.

“ಯಾಕ್ ಬುಡಕಿಲ್ಲ? ಮುಡಿ ಕೊಟ್ಟಿವ್ನಿ ಕನವ್ವ ಅಂದೆ. ಪಾಸ್‌ಪೋರ್ಟಿನ ಫೋಟೋ ಹಳೇದಾದ್ರೆ ಪರವಾಗಿಲ್ಲ, ವೀಸಾಕ್ಕೆ ಅಂತ ಇವತ್ತು ತೆಗ್ಯೋ ಹೊಸ ಫೋಟೋದಂಗೆ ಇದ್ರೆ ಆಯ್ತು ಅಂದ್ಲು ಆ ಮಗ. ನಮ್ಮನೆಯೋಳೂ ಬೋಳುಸ್ಕಂಡವ್ಳೆ.”

ಶಿವಣ್ಣ ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದ.

ಅಷ್ಟರಲ್ಲಿ ವೀಣ ಎದ್ದು ನಿಂತು ಎಲ್ಲರಿಗೂ ಹೇಳಿದಳು: ಹನ್ನೆರಡನೇ ತಾರೀಖು ಸಂಜೆ ಆರಕ್ಕೆ ವಿಮಾನ ನಿಲ್ದಾಣದಲ್ಲಿರಬೇಕು, ಇವತ್ತಿನ ಫೋಟೋದಲ್ಲಿ ಹೇಗಿದ್ದೀರೋ ಹಾಗೇ ಬರಬೇಕು. ಮೇಷ್ಟ್ರ ಕಡೆ ತಿರುಗಿ, “ನಿಮಗೆ ವಿಶೇಷವಾಗಿ ಹೇಳ್ತಿದೀನಿ ಸರ್. ಆ ಮೀಸೆ ಮುಟ್ಟಬೇಡಿ,” ಎಂದಳು.

ನಿಜ ಹೇಳಿಬಿಡೋಣವೆಂದು ಮೇಷ್ಟ್ರು ಬಾಯಿ ತೆರೆದರು. ಲಕೋಟೆ ಆಗಲೇ ಮಂಡ್ಯದ ದಾರಿ ಹಿಡಿದಿತ್ತು. ಸರ್ಕಾರಿ ಅರ್ಜಿಗೆ ಒಬ್ಬ ಮೇಷ್ಟ್ರು ನಾಟಕದ ಮೀಸೆ ಅಂಟಿಸಿಕೊಂಡು ಬಂದರು ಎಂದು ಈ ಕೋಣೆ ನಗುವುದನ್ನು ನೆನೆದು ಬಾಯಿ ಮುಚ್ಚಿಕೊಂಡರು. ಇನ್ನು ಉಳಿದದ್ದು ಚೌಡಯ್ಯನೊಬ್ಬನೇ.

ಬೇವಿನ ಮರದಡಿ ಅವನು ಮೀಸೆ ಬಿಡಿಸಲು ಹತ್ತಿ ನೆನೆಸಿಕೊಂಡು ಸಿದ್ಧನಾಗಿದ್ದ. ಮೇಷ್ಟ್ರು ಅವನ ಕೈ ಹಿಡಿದು ಎಲ್ಲವನ್ನೂ ಹೇಳಿ, ಹತ್ತು ದಿನದ ಮಟ್ಟಿಗೆ ಮೀಸೆ ಕೊಟ್ಟು ಕಾಪಾಡಬೇಕೆಂದು ಬೇಡಿಕೊಂಡರು. ಚೌಡಯ್ಯ ಕರಗಿಹೋದ. ಇಪ್ಪತ್ತು ವರ್ಷದಲ್ಲಿ ಈ ಮೀಸೆ ಕೊಳ್ಳೇಗಾಲ ದಾಟಿರಲಿಲ್ಲ. ಚೀನಾ ನೋಡುತ್ತದೆಂದರೆ ಅವನಿಗೂ ಹೆಮ್ಮೆಯೇ. ಅಂಟಿಸುವುದನ್ನು ತಾನೇ ಕಲಿಸಿಕೊಡುತ್ತೇನೆ, ಬಾಡಿಗೆ ಬೇಡವೇ ಬೇಡ ಎಂದ. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಯಾವತ್ತು ಹೊರಡುವುದು ಎಂದು ಕೇಳಿ ಚೌಡಯ್ಯ ಜೇಬಿನಿಂದ ಡೈರಿ ತೆಗೆದು, ಬೆರಳು ಎಂಜಲು ಮಾಡಿಕೊಂಡು ಹಾಳೆ ತಿರುವಿದ.

“ಹನ್ನೆರಡು,” ಎಂದರು ಮೇಷ್ಟ್ರು.

ಚೌಡಯ್ಯನ ಬೆರಳು ನಿಂತಿತು. “ಹನ್ನೆರಡಕ್ಕೆ ಸೇನಾಪತಿ ನಾಗಮಂಗಲದಲ್ಲಿ ಬುಕ್ಕಾಗವ್ನೆ ಮೇಷ್ಟ್ರೆ. ಅವತ್ತು ಬ್ಯಾರೆ ಮೀಸೆನೂ ಇಲ್ಲ.”

ಯಾರು ಬುಕ್ ಮಾಡಿದ್ದಾರೆ ಹೇಳು, ಕಾಲಿಗೆ ಬಿದ್ದಾದರೂ ಬಿಡಿಸಿಕೊಳ್ಳುತ್ತೇನೆ ಎಂದರು ಮೇಷ್ಟ್ರು.

ಚೌಡಯ್ಯ ಡೈರಿ ಮುಚ್ಚಿ ತಲೆ ಕೆರೆದುಕೊಂಡ. “ಅವ್ರು ಹೇಳಿದ್ ಮೇಷ್ಟ್ರು ನೀವೇ ಅಂತ ಈಗ ಹೊಳೀತು. ಮೇಷ್ಟ್ರಿಗೆ ಹೇಳ್ಬ್ಯಾಡ ಅಂದಿದ್ರು. ನಾಗಮಂಗಲದ ನಿಮ್ ಹಳೇ ಶಿಷ್ಯರೇ ಎಲ್ಲಾ ಸೇರ್ಕಂಡು ನಾಟ್ಕ ಆಡುಸ್ತಾವ್ರೆ. ನಮ್ ಮೇಷ್ಟ್ರು ಚೀನಾಕ್ಕೆ ಸುಖವಾಗೋಗಿ ಸುಖವಾಗ್ ಬರ್ಲಿ ಅಂತ, ನೀವು ಹೊಂಡೋ ದಿನನೇ ನೋಡಿ ಇಟ್ಕಂಡವ್ರೆ. ಬ್ಯಾಡ ಅಂತ ನೀವೇ ಹೇಳ್ತೀರಾ?”

ಮೇಷ್ಟ್ರು ಹತ್ತಿಯ ಕಡೆಗೆ ಮುಖವೊಡ್ಡಿ ಕಣ್ಣು ಮುಚ್ಚಿಕೊಂಡರು.

“ತಲೆಕೂದ್ಲು ಬೇಕಾದ್ರೆ ನೀವೇ ಮಡೀಕಳಿ ಮೇಷ್ಟ್ರೆ,” ಎಂದ ಚೌಡಯ್ಯ, ಎಡತುದಿಯಿಂದ ಮೆಲ್ಲಗೆ ಬಿಡಿಸುತ್ತ. “ಅವತ್ತು ಅದುಕ್ಕೆ ಬುಕ್ಕಿಂಗ್ ಇಲ್ಲ.”